ಟೀವಿ ತಂತಿಗೆ ಮಾತು ಬಂದ ಕಥೆ

ಬ್ರಾಡ್‌ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಫೈಬರ್ ಬಗ್ಗೆಯೇ ಮಾತಾಡ್ತಾರೆ. ನನಗೇನೋ ಟೀವಿ ಹಿಂದೆ ಚುಚ್ಚುತ್ತಿದ್ದ ಆ ದಪ್ಪ ಕರಿ ತಂತಿ ಮೇಲೇ ಮಮತೆ ಜಾಸ್ತಿ.

ನಡುವೆ ತಾಮ್ರದ ಎಳೆ, ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಜಾಲರಿ. ಕೋಆಕ್ಸಿಯಲ್ ಕೇಬಲ್ ಅಂದ್ರೆ ಇಷ್ಟೇ. ಒಳಗಿನ ಸಿಗ್ನಲ್ ಸೋರೋದು ಕಡಿಮೆ, ಹೊರಗಿನ ಗದ್ದಲ ನುಗ್ಗೋದೂ ಕಡಿಮೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ. 1941ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಿಂದ ಸ್ಟೀವನ್ಸ್ ಪಾಯಿಂಟ್‌ವರೆಗೆ ಎಳೆದ ಕೇಬಲ್ಲಿನಲ್ಲಿ ಏಕಕಾಲಕ್ಕೆ 480 ಫೋನ್ ಮಾತುಕತೆ ಹರಿಯಬಹುದಿತ್ತು!

1948ರ ಹೊತ್ತಿಗೆ ಪೆನ್ಸಿಲ್ವೇನಿಯಾ, ಆರೆಗನ್‌ಗಳ ಗುಡ್ಡದ ಊರುಗಳಲ್ಲಿ ಎತ್ತರದಲ್ಲೊಂದು ಆಂಟೆನಾ ನೆಟ್ಟು, ಮನೆಮನೆಗೆ ತಂತಿ ಎಳೆದರು. ಕೇಬಲ್ ಟೀವಿ ಹುಟ್ಟಿದ್ದು ಹೀಗೆ. ಆದರೆ ಅದು ಒನ್‌ವೇ ರಸ್ತೆ. ದಾರಿಯುದ್ದದ ಆಂಪ್ಲಿಫೈಯರ್‌ಗಳು ಮನೆ ಕಡೆಗೆ ಮಾತ್ರ ಸಿಗ್ನಲ್ ತಳ್ಳುತ್ತಿದ್ದವು. ಇಂಟರ್ನೆಟ್‌ಗಾದರೆ ಮನೆಯೂ ಮಾತಾಡಬೇಕಲ್ಲ?

1990ರ ದಶಕದಲ್ಲಿ ಮುಖ್ಯ ಮಾರ್ಗಕ್ಕೆ ಫೈಬರ್ ಹಾಕಿ, ಆಂಪ್ಲಿಫೈಯರ್‌ಗಳನ್ನು ಎರಡೂ ಕಡೆಗೆ ಕೆಲಸ ಮಾಡುವಂತೆ ಬದಲಿಸಿದರು. 1997ರಲ್ಲಿ ಡಾಕ್ಸಿಸ್ ಎಂಬ ಸ್ಟ್ಯಾಂಡರ್ಡ್ ಬಂತು. ಒಂದೇ ಟೀವಿ ಚಾನೆಲ್ಲಿನ 6 ಮೆಗಾಹರ್ಟ್ಸ್ ಜಾಗದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಇಳಿಸಬಹುದಾಯ್ತು.

ಮನೆಯಿಂದ ಹೊರಡುವ ಮಾತಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಮಾತ್ರ ಚಾನೆಲ್ಲುಗಳ ಕೆಳಗಿನ 5ರಿಂದ 42 ಮೆಗಾಹರ್ಟ್ಸ್‌ನ ಇಕ್ಕಟ್ಟು ಓಣಿ. ಅದನ್ನೂ ನೂರಾರು ಮನೆಗಳು ಹಂಚಿಕೊಳ್ಳಬೇಕು. ಕೇಬಲ್ ಬ್ರಾಡ್‌ಬ್ಯಾಂಡಿನಲ್ಲಿ ಡೌನ್‌ಲೋಡ್ ಕುದುರೆ, ಅಪ್‌ಲೋಡ್ ಆಮೆ ಆದದ್ದು ಇದರಿಂದಲೇ.

ನೋಡುವವರಿಗೆಂದು ಎಳೆದ ತಂತಿ ಅದು. ಬರೆದು ಕಳಿಸುವ ನಮ್ಮಂಥವರು ಬರ್ತಾರೆ ಅಂತ ಆಗ ಯಾರೂ ಎಣಿಸಿರಲಿಲ್ಲ. ಆ ಲೆಕ್ಕ ಅರ್ಧ ಶತಮಾನದ ಮೇಲೂ ವೇಗದಲ್ಲಿ ಕಾಣಿಸಿತು, ಅಲ್ವಾ?