ಸ್ಥಳೀಯ ಓಟದ ಸ್ಪರ್ಧೆಗಳು: ಮಾಹಿತಿ ಪಡೆಯುವ ಹಾಗೂ ಹೆಸರು ನೋಂದಾಯಿಸುವ ಬಗ್ಗೆ

ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ವರ್ಷದ ಬೇರೆ ಬೇರೆ ಅವಧಿಯಲ್ಲಿ ಓಟದ ಸ್ಪರ್ಧೆಗಳು ನಡೆಯುತ್ತವೆ. ಇವುಗಳನ್ನು ಒಂದೇ ಸಂಸ್ಥೆಯು ನಡೆಸುವುದಿಲ್ಲವಾದ್ದರಿಂದ ಎಲ್ಲ ದಿನಾಂಕಗಳೂ ಒಂದೇ ಕಡೆ ಪ್ರಕಟವಾಗುವುದಿಲ್ಲ. ಈ ಕಾರಣದಿಂದ, ಓಡುವ ಸಾಮರ್ಥ್ಯವಿದ್ದರೂ ಸಕಾಲದಲ್ಲಿ ವಿಷಯ ತಿಳಿಯದೆ ಅವಕಾಶ ಕಳೆದುಕೊಳ್ಳುವವರು ಅನೇಕರಿದ್ದಾರೆ. ಕ್ರೀಡಾ ಕಚೇರಿಗಳಿಗೆ ಬರುವ ವಿಚಾರಣೆಗಳಲ್ಲಿ ಹಲವು ಕೂಟವು ಮುಗಿದ ನಂತರ ಬರುವಂತಹವು. ಆದ್ದರಿಂದ ಯಾವ ಸ್ಪರ್ಧೆ ಯಾರಿಗಾಗಿ ಇದೆ, ಅದರ ಪ್ರಕಟಣೆ ಎಲ್ಲಿ ದೊರೆಯುತ್ತದೆ, ಹೆಸರು ನೋಂದಾಯಿಸುವ ಮುನ್ನ ಏನನ್ನು ಗಮನಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ. ಓಟದ ಸ್ಪರ್ಧೆಗಳಲ್ಲಿ ಎರಡು ಬಗೆ. ಮೊದಲನೆಯದು ತಾಲ್ಲೂಕು ಅಥವಾ ಜಿಲ್ಲೆಯಿಂದ ಆರಂಭವಾಗಿ ಮೇಲಿನ ಹಂತಕ್ಕೆ ಏರುವ ಸ್ಪರ್ಧೆ. ಇದರಲ್ಲಿ ಕೆಳಗಿನ ಹಂತದಲ್ಲಿ ಓಡದವರಿಗೆ ಸಾಮಾನ್ಯವಾಗಿ ಮೇಲಿನ ಹಂತದಲ್ಲಿ ಅವಕಾಶವಿರುವುದಿಲ್ಲ. ಎರಡನೆಯದು ಶುಲ್ಕ ಪಾವತಿಸಿ ಯಾರಾದರೂ ನೇರವಾಗಿ ಭಾಗವಹಿಸಬಹುದಾದ ಮುಕ್ತ ರಸ್ತೆ ಓಟ. ಎರಡರ ಉದ್ದೇಶವೂ ಪ್ರಮಾಣ ಪತ್ರದ ಮಾನ್ಯತೆಯೂ ಬೇರೆ ಬೇರೆ. ತನಗೆ ಬೇಕಾದುದು ಯಾವುದು ಎಂಬುದನ್ನು ಅರ್ಜಿದಾರರು ಮೊದಲೇ ನಿರ್ಧರಿಸಿಕೊಂಡಲ್ಲಿ ಸಮಯ ಮತ್ತು ಹಣ ಎರಡೂ ಉಳಿಯುತ್ತವೆ.

ದಸರಾ ಕ್ರೀಡಾಕೂಟ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವತಿಯಿಂದ ನಡೆಯುವ ದಸರಾ ಕ್ರೀಡಾಕೂಟವು ಇತ್ತೀಚಿನ ವರ್ಷಗಳಲ್ಲಿ ದಸರಾ ಸಿ.ಎಂ. ಕಪ್ ಎಂಬ ಹೆಸರಿನಲ್ಲಿಯೂ ನಡೆದಿದೆ. ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಹಂತಗಳಿದ್ದು, ರಾಜ್ಯ ಮಟ್ಟದ ಸ್ಪರ್ಧೆಗಳು ನಾಡಹಬ್ಬದ ಸಂದರ್ಭದಲ್ಲಿ ಮೈಸೂರಿನಲ್ಲಿ ನಡೆಯುತ್ತವೆ. ದಸರಾ ಹಬ್ಬವು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುವುದರಿಂದ ತಾಲ್ಲೂಕು ಮಟ್ಟದ ಕೂಟಗಳು ಬಹುತೇಕ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಮುಗಿದಿರುತ್ತವೆ. ಹಬ್ಬವು ಬೇಗ ಬಂದ ವರ್ಷ ಕೂಟವೂ ಬೇಗ ನಡೆಯುತ್ತದೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು. ಹಿಂದಿನ ವರ್ಷದ ದಿನಾಂಕವನ್ನು ನೆಚ್ಚಿ ಕಾಯುವುದು ಸರಿಯಲ್ಲ.

ಸದರಿ ಕೂಟದ ಮುಖ್ಯ ಪ್ರಯೋಜನವೆಂದರೆ ಇದಕ್ಕೆ ವಿದ್ಯಾರ್ಥಿಯಾಗಿರಬೇಕೆಂಬ ಷರತ್ತಿಲ್ಲ. ಉದಾಹರಣೆಗೆ, ದ್ವಿತೀಯ ಪಿ.ಯು.ಸಿ. ಮುಗಿಸಿ ಮನೆಯ ಹೊಲದ ಕೆಲಸದಲ್ಲಿ ನಿರತಳಾದ 19 ವರ್ಷದ ಯುವತಿಗೆ ಶಾಲಾ ಕ್ರೀಡಾಕೂಟದ ಬಾಗಿಲು ಮುಚ್ಚಿರುತ್ತದೆ. ಕಾಲೇಜು ಸೇರದ ಕಾರಣ ವಿಶ್ವವಿದ್ಯಾಲಯದ ಕೂಟವೂ ಇಲ್ಲ. ಆಕೆಯು ಶುಲ್ಕವಿಲ್ಲದೆ, ತನ್ನ ತಾಲ್ಲೂಕಿನ ಮೈದಾನದಲ್ಲಿಯೇ ಓಡಿ ರಾಜ್ಯ ಮಟ್ಟದವರೆಗೆ ಹೋಗಬಹುದಾದ ದಾರಿ ದಸರಾ ಕ್ರೀಡಾಕೂಟ. ಕಿರಾಣಿ ಅಂಗಡಿ, ಗಾರ್ಮೆಂಟ್ಸ್, ಕಟ್ಟಡ ಕೆಲಸ ಮುಂತಾದ ಕಡೆ ದುಡಿಯುವವರಿಗೂ ಇದು ಅನ್ವಯಿಸುತ್ತದೆ. ಇಂತಹವರಿಗೆ ಪ್ರಕಟಣೆಯನ್ನು ಓದಿ ಹೇಳುವ ದೈಹಿಕ ಶಿಕ್ಷಣ ಶಿಕ್ಷಕರು ಇರುವುದಿಲ್ಲವಾದ್ದರಿಂದ ಗ್ರಾಮ ಪಂಚಾಯಿತಿ ಸದಸ್ಯರು, ಯುವಕ ಯುವತಿ ಮಂಡಳಿಗಳು ಹಾಗೂ ಹಳೆಯ ಕ್ರೀಡಾಪಟುಗಳು ವಿಷಯವನ್ನು ಮುಟ್ಟಿಸಿದಲ್ಲಿ ಉಪಯುಕ್ತವಾಗುತ್ತದೆ.

ಮಾಹಿತಿಗಾಗಿ ತಾಲ್ಲೂಕಿನ ಯುವ ಸಬಲೀಕರಣ ಮತ್ತು ಕ್ರೀಡಾಧಿಕಾರಿಯವರನ್ನು ಸಂಪರ್ಕಿಸತಕ್ಕದ್ದು. ಕೆಲವು ತಾಲ್ಲೂಕುಗಳಲ್ಲಿ ಈ ಹುದ್ದೆಯ ಪ್ರಭಾರವನ್ನು ಬೇರೆ ಅಧಿಕಾರಿಗಳು ವಹಿಸಿಕೊಂಡಿರುವುದುಂಟು. ಅಂತಹ ಸಂದರ್ಭದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ದೈಹಿಕ ಶಿಕ್ಷಣ ಪರಿವೀಕ್ಷಕರನ್ನು ವಿಚಾರಿಸಿದರೆ ಯಾರನ್ನು ಕಾಣಬೇಕೆಂಬುದು ತಿಳಿಯುತ್ತದೆ. ಜಿಲ್ಲಾ ಕೇಂದ್ರದಲ್ಲಿ ಇಲಾಖೆಯ ಕಚೇರಿಯು ಸಾಮಾನ್ಯವಾಗಿ ಜಿಲ್ಲಾ ಕ್ರೀಡಾಂಗಣದ ಆವರಣದಲ್ಲಿಯೇ ಇರುತ್ತದೆ. ಇಲಾಖೆಯ ಹಿಂದಿನ ಹೆಸರು ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ ಎಂದಿದ್ದುದರಿಂದ ಹಳೆಯ ನಾಮಫಲಕವನ್ನು ಕಂಡು ಬೇರೆ ಕಚೇರಿ ಎಂದು ಹಿಂತಿರುಗುವ ಅಗತ್ಯವಿಲ್ಲ. ಕೂಟದ ಪ್ರಕಟಣೆಯು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುವುದಾದರೂ ಅದು ಒಮ್ಮೊಮ್ಮೆ ಸ್ಪರ್ಧೆಗೆ ಎರಡು ಮೂರು ದಿನಗಳ ಮುಂಚೆ ಮಾತ್ರ ಬರುತ್ತದೆ. ಜುಲೈ ಕೊನೆಯ ವಾರದಲ್ಲಿ ಒಮ್ಮೆ ಖುದ್ದಾಗಿ ವಿಚಾರಿಸಿಕೊಂಡು ಬರುವುದು ಹೆಚ್ಚು ಭದ್ರ.

ಸ್ಪರ್ಧೆಯ ದಿನ ಆಧಾರ್ ಪ್ರತಿಯನ್ನು ಜೊತೆಯಲ್ಲಿ ತರತಕ್ಕದ್ದು. ನಗದು ಬಹುಮಾನದ ಪಾವತಿಗಾಗಿ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯನ್ನೂ ಕೇಳುವುದುಂಟು. ಒಬ್ಬರು ಒಂದು ತಾಲ್ಲೂಕಿನಿಂದ ಮಾತ್ರ ಸ್ಪರ್ಧಿಸಬೇಕು. ಎಷ್ಟು ಸ್ಪರ್ಧೆಗಳಲ್ಲಿ ಹೆಸರು ನೀಡಬಹುದೆಂಬ ಮಿತಿಯು ಆ ವರ್ಷದ ಸುತ್ತೋಲೆಯಲ್ಲಿರುತ್ತದೆ.

ಶಾಲೆ ಮತ್ತು ಕಾಲೇಜುಗಳ ಕೂಟ

ಶಾಲಾ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವ ಅವಶ್ಯಕತೆಯಿಲ್ಲ. ಶಾಲೆಯ ಮೂಲಕವೇ ಹೆಸರು ಹೋಗುತ್ತದೆ. ವಲಯ ಅಥವಾ ಹೋಬಳಿ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಸ್ಪರ್ಧೆಗಳಿದ್ದು, ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟವು 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಲ್ಲಿ ನಡೆಯುತ್ತದೆ. ಪದವಿ ವಿದ್ಯಾರ್ಥಿಗಳು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಾಣತಕ್ಕದ್ದು. ಅಂತರ ಕಾಲೇಜು ಕೂಟದಲ್ಲಿ ಆಯ್ಕೆಯಾದವರು ವಿಶ್ವವಿದ್ಯಾಲಯದ ತಂಡದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ತೆರಳುತ್ತಾರೆ. ಸದರಿ ಕೂಟವು 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದಿತ್ತು.

ಅಥ್ಲೆಟಿಕ್ ಸಂಸ್ಥೆಗಳ ಕೂಟ

ಓಟವನ್ನು ಗಂಭೀರವಾಗಿ ಮುಂದುವರಿಸಬೇಕೆನ್ನುವವರು ಜಿಲ್ಲಾ ಅಥ್ಲೆಟಿಕ್ ಸಂಸ್ಥೆಯ ಸಂಪರ್ಕದಲ್ಲಿರುವುದು ಅವಶ್ಯ. ಈ ಸಂಸ್ಥೆಗಳು ಕರ್ನಾಟಕ ಅಥ್ಲೆಟಿಕ್ ಸಂಸ್ಥೆಗೂ, ಅದು ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್‌ಗೂ ಸೇರಿವೆ. ಕಿರಿಯರ ಹಾಗೂ ಹಿರಿಯರ ರಾಜ್ಯ ಕೂಟಗಳಲ್ಲದೆ ಗುಡ್ಡಗಾಡು ಓಟದ ಆಯ್ಕೆಯೂ ಇವುಗಳ ಮೂಲಕವೇ ನಡೆಯುತ್ತದೆ. ಸಿಂಥೆಟಿಕ್ ಟ್ರ್ಯಾಕ್ ಇಲ್ಲದ ಊರಿನ ದೂರದ ಓಟಗಾರರಿಗೆ ಗುಡ್ಡಗಾಡು ಓಟವು ಅನುಕೂಲಕರ. ಮಣ್ಣಿನ ದಾರಿ ಮತ್ತು ಏರು ತಗ್ಗುಗಳ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ.

ಇಲ್ಲಿ ತಿರಸ್ಕಾರಕ್ಕೆ ಮುಖ್ಯ ಕಾರಣವಾಗುವುದು ವಯಸ್ಸಿನ ದಾಖಲೆ. ಓಟಗಾರರು ಫೆಡರೇಷನ್‌ನಲ್ಲಿ ನೋಂದಾಯಿಸಿಕೊಂಡು ಗುರುತಿನ ಸಂಖ್ಯೆಯನ್ನು ಪಡೆದಿರಬೇಕಾಗುತ್ತದೆ; ಇದಕ್ಕೆ ಜನನ ಪ್ರಮಾಣ ಪತ್ರ ಬೇಕು. ಪ್ರಮಾಣ ಪತ್ರ, ಆಧಾರ್ ಹಾಗೂ ಶಾಲಾ ದಾಖಲೆಗಳಲ್ಲಿ ಹೆಸರಿನ ಕಾಗುಣಿತವಾಗಲಿ ಜನ್ಮ ದಿನಾಂಕವಾಗಲಿ ಬೇರೆ ಬೇರೆಯಾಗಿದ್ದರೆ ಕೂಟದ ಹಿಂದಿನ ದಿನ ಅದನ್ನು ಸರಿಪಡಿಸಲು ಸಾಧ್ಯವಾಗುವುದಿಲ್ಲ. ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟದಲ್ಲಿ ವೈದ್ಯಕೀಯ ವಯೋ ಪರೀಕ್ಷೆಯೂ ಇರುತ್ತದೆ. ವಯಸ್ಸು ಕಡಿಮೆ ತೋರಿಸಿ ಮಗುವನ್ನು ಓಡಿಸಿದಲ್ಲಿ ಅಲ್ಲಿ ಸಿಕ್ಕಿಬೀಳುವುದು ಮಗುವೇ ಹೊರತು ಸಲಹೆ ಕೊಟ್ಟವರಲ್ಲ ಎಂಬುದನ್ನು ಪೋಷಕರು ಗಮನಿಸುವುದು. ಅಂತರರಾಷ್ಟ್ರೀಯ ನಿಯಮದಂತೆ 18 ಮತ್ತು 20 ವರ್ಷದೊಳಗಿನ ವಿಭಾಗಗಳಿಗೆ ಸ್ಪರ್ಧೆಯ ವರ್ಷದ ಡಿಸೆಂಬರ್ 31ಕ್ಕೆ ಇರುವ ವಯಸ್ಸನ್ನು ಪರಿಗಣಿಸಲಾಗುತ್ತದೆ. ದೇಶದೊಳಗಿನ ಕೂಟಗಳಿಗೆ ಪ್ರಕಟಣೆಯಲ್ಲಿ ನೀಡಿರುವ ಜನ್ಮ ದಿನಾಂಕದ ಅವಧಿಯನ್ನೇ ನೋಡಿಕೊಳ್ಳತಕ್ಕದ್ದು.

ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ವಿಶ್ವ ಮಟ್ಟದ ಕೂಟಗಳಿಗೆ 35 ವರ್ಷ ತುಂಬಿರಬೇಕು. ಐದೈದು ವರ್ಷಗಳ ವಯೋಗುಂಪುಗಳಿರುವುದರಿಂದ ನಿವೃತ್ತರೂ ತಮ್ಮ ಓರಗೆಯವರೊಡನೆಯೇ ಓಡಬಹುದು.

ಮುಕ್ತ ರಸ್ತೆ ಓಟಗಳು

ಬೆಂಗಳೂರಿನ ವಿಶ್ವ 10 ಕಿ.ಮೀ. ಓಟವು 2008ರಲ್ಲಿ ಆರಂಭವಾಯಿತು. ಬೆಂಗಳೂರು ಮ್ಯಾರಥಾನ್ 2014ರಲ್ಲಿ ಆರಂಭವಾಯಿತು. ರಾಜಧಾನಿಯ ಹೊರಗೆ ಮಣಿಪಾಲ್ ಮ್ಯಾರಥಾನ್, ವಿಜಯಪುರದ ವೃಕ್ಷೋತ್ಥಾನ ಹೆರಿಟೇಜ್ ರನ್, ರಂಗನತಿಟ್ಟಿನ ಸಮೀಪ ಕಾಲುವೆಯ ದಂಡೆಯ ಮೇಲೆ ನಡೆದುಬಂದಿರುವ ಕಾವೇರಿ ಟ್ರೇಲ್ ಮ್ಯಾರಥಾನ್, ಚಿಕ್ಕಮಗಳೂರು ಭಾಗದ ಮಲ್ನಾಡ್ ಅಲ್ಟ್ರಾ ಮುಂತಾದವು ಓಟಗಾರರಿಗೆ ಪರಿಚಿತವಾಗಿವೆ. ಇವುಗಳನ್ನು ಇಲಾಖೆಯು ನಡೆಸುವುದಿಲ್ಲ. ನೋಂದಣಿಯು ಆಯೋಜಕರ ಅಂತರ್ಜಾಲ ತಾಣದಲ್ಲಿ ಆಗುತ್ತದೆ ಮತ್ತು ಸ್ಥಾನಗಳು ಭರ್ತಿಯಾದ ಕೂಡಲೇ ಮುಕ್ತಾಯಗೊಳ್ಳುತ್ತದೆ. ದಿನಾಂಕಗಳೂ ಸ್ಥಿರವಲ್ಲ. ವಿಶ್ವ 10 ಕಿ.ಮೀ. ಓಟವು ಬಹುಕಾಲ ಮೇ ತಿಂಗಳಲ್ಲಿ ನಡೆದು, 2020ರಲ್ಲಿ ಕೋವಿಡ್ ಕಾರಣ ಡಿಸೆಂಬರ್‌ಗೆ ಹೋಗಿ, 2024 ಮತ್ತು 2025ರಲ್ಲಿ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು.

ಹಣ ಪಾವತಿಸುವ ಮುನ್ನ ದೂರವನ್ನು ಸರಿಯಾಗಿ ಓದಿಕೊಳ್ಳಬೇಕು. ಆಡುಮಾತಿನಲ್ಲಿ ಎಲ್ಲ ರಸ್ತೆ ಓಟವನ್ನೂ ಮ್ಯಾರಥಾನ್ ಎಂದು ಕರೆಯುವ ರೂಢಿ ಬಂದಿದೆ. ವಾಸ್ತವವಾಗಿ ಮ್ಯಾರಥಾನ್ ಎಂದರೆ 42.195 ಕಿ.ಮೀ.; ಅದರ ಅರ್ಧ 21.0975 ಕಿ.ಮೀ. ಮೂರು ಅಥವಾ ಐದು ಕಿ.ಮೀ.ಗಳ ಓಟಗಳಲ್ಲಿ ಅನೇಕವು ಜಾಗೃತಿಗಾಗಿ ನಡೆಯುವಂತಹವು. ಅವುಗಳಲ್ಲಿ ಸಮಯವನ್ನು ದಾಖಲಿಸುವುದೇ ಇಲ್ಲ. ಸಮಯ ಬೇಕಾದವರು ಚಿಪ್ ಮೂಲಕ ಸಮಯ ದಾಖಲಾಗುವ, ಅಳತೆ ಪ್ರಮಾಣಿತವಾದ ಓಟವನ್ನೇ ಆರಿಸಿಕೊಳ್ಳಬೇಕು. ಪ್ರಮಾಣಿತ ಮಾರ್ಗವನ್ನು ವಿಶೇಷ ಮಾಪಕ ಅಳವಡಿಸಿದ ಸೈಕಲ್ಲಿನಿಂದ ಅಳೆದು, ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚಿಗೆ ಸೇರಿಸಿರುತ್ತಾರೆ. ಕೈಗಡಿಯಾರದಲ್ಲಿ 10 ಕಿ.ಮೀ.ಗಿಂತ ತುಸು ಹೆಚ್ಚು ತೋರಿದ ಮಾತ್ರಕ್ಕೆ ಮಾರ್ಗವು ತಪ್ಪೆಂದು ಆಕ್ಷೇಪಣೆ ಸಲ್ಲಿಸುವ ಅಗತ್ಯವಿಲ್ಲ.

ಪರಸ್ಥಳದವರು ಗಮನಿಸತಕ್ಕ ಇನ್ನೊಂದು ಅಂಶವಿದೆ. ದೊಡ್ಡ ಓಟಗಳಲ್ಲಿ ಎದೆಗೆ ಧರಿಸುವ ಸಂಖ್ಯೆಯ ಚೀಟಿಯನ್ನು ಓಟದ ಹಿಂದಿನ ದಿನಗಳಲ್ಲಿ ನಿಗದಿತ ಸ್ಥಳದಲ್ಲಿ ವಿತರಿಸಲಾಗುತ್ತದೆ. ಓಟದ ದಿನ ಬೆಳಿಗ್ಗೆ ಸಾಮಾನ್ಯವಾಗಿ ನೀಡುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಐದು ಗಂಟೆಗೆ ಬೆಂಗಳೂರಿನಲ್ಲಿ ಇಳಿದವರು ಶುಲ್ಕ ಕಟ್ಟಿಯೂ ಓಡಲಾಗದೆ ಮರಳಬೇಕಾಗುತ್ತದೆ. ಇನ್ನೊಬ್ಬರ ಸಂಖ್ಯೆಯನ್ನು ಧರಿಸಿ ಓಡುವುದು ನಿಷಿದ್ಧ. ಇದು ಕೇವಲ ನಿಯಮದ ಮಾತಲ್ಲ: ಓಡುವಾಗ ಕುಸಿದು ಬಿದ್ದಲ್ಲಿ ವೈದ್ಯರ ಕೈಗೆ ಸಿಗುವುದು ಬೇರೊಬ್ಬರ ರಕ್ತದ ಗುಂಪು, ಬೇರೊಬ್ಬರ ಮನೆಯ ದೂರವಾಣಿ ಸಂಖ್ಯೆ.

ಶುಲ್ಕ ಪಾವತಿ ಮತ್ತು ದೂರು

ಆಯೋಜಕರ ಹೆಸರು, ವಿಳಾಸ, ಶುಲ್ಕ ಹಿಂದಿರುಗಿಸುವ ಷರತ್ತು ಇವು ಮೂರೂ ತಾಣದಲ್ಲಿ ಸ್ಪಷ್ಟವಾಗಿರದಿದ್ದಲ್ಲಿ ಹಣ ಕಳುಹಿಸದಿರುವುದು ಲೇಸು. ರಸ್ತೆ ಬಳಸುವ ಓಟಕ್ಕೆ ಪೊಲೀಸ್ ಅನುಮತಿ ಬೇಕಾಗುತ್ತದೆ. ಅನುಮತಿ ದೊರೆತಿದೆಯೇ, ಆಂಬುಲೆನ್ಸ್ ಇರುತ್ತದೆಯೇ, ಎಷ್ಟು ದೂರಕ್ಕೊಮ್ಮೆ ನೀರು ಕೊಡುತ್ತಾರೆ ಎಂದು ಆಯೋಜಕರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಶುಲ್ಕ ಪಡೆದು ಓಟವನ್ನು ನಡೆಸದಿದ್ದಲ್ಲಿ ಅಥವಾ ಪ್ರಕಟಿಸಿದ ಸೌಲಭ್ಯ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆಯೂ ಹೋಗಬಹುದು. ನಕಲಿ ತಾಣಕ್ಕೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಪಾವತಿಯ ರಸೀದಿ ಹಾಗೂ ಪ್ರಕಟಣೆಯ ಪ್ರತಿಯನ್ನು ಓಟ ಮುಗಿಯುವವರೆಗೆ ಕಾದಿರಿಸುವುದು.

ಪ್ರಮಾಣ ಪತ್ರದ ಮಾನ್ಯತೆ

ಹೆಚ್ಚಿನ ತಪ್ಪು ಕಲ್ಪನೆ ಇರುವುದು ಈ ವಿಷಯದಲ್ಲಿ. ರಸ್ತೆ ಓಟ ಮುಗಿಸಿದವರಿಗೆ ದೊರೆಯುವ ಪದಕ ಮತ್ತು ಪ್ರಮಾಣ ಪತ್ರವು ಭಾಗವಹಿಸಿದ್ದಕ್ಕೆ ಗುರುತು ಮಾತ್ರ. ಅದನ್ನು ತೋರಿಸಿ ಉದ್ಯೋಗದಲ್ಲಾಗಲಿ ವೃತ್ತಿ ಶಿಕ್ಷಣ ಪ್ರವೇಶದಲ್ಲಾಗಲಿ ಕ್ರೀಡಾ ಕೋಟಾ ಪಡೆಯಲಾಗುವುದಿಲ್ಲ. ಕೇಂದ್ರ ಸರ್ಕಾರದ ನೇಮಕಾತಿಗಳಲ್ಲಿ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಕೂಟದಲ್ಲಿ ರಾಜ್ಯ ಅಥವಾ ದೇಶವನ್ನು, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯವನ್ನು, ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯದ ಶಾಲಾ ತಂಡವನ್ನು ಪ್ರತಿನಿಧಿಸಿದವರನ್ನು ಪರಿಗಣಿಸಲಾಗುತ್ತದೆ. ವೃತ್ತಿ ಶಿಕ್ಷಣ ಕೋರ್ಸುಗಳಿಗೆ ಕ್ರೀಡಾ ಕೋಟಾ ಕೋರುವವರ ಮೂಲ ಪ್ರಮಾಣ ಪತ್ರಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪ್ರಕ್ರಿಯೆಯಲ್ಲಿ ಪರಿಶೀಲಿಸಲಾಗುತ್ತದೆ. ರಾಷ್ಟ್ರೀಯ ಎಂಬ ಪದವನ್ನು ಹೆಸರಿನಲ್ಲಿ ಸೇರಿಸಿಕೊಂಡು, ಶುಲ್ಕ ಪಡೆದು, ನೇರವಾಗಿ ರಾಷ್ಟ್ರ ಮಟ್ಟದ ಪ್ರಮಾಣ ಪತ್ರ ಕೊಡುವುದಾಗಿ ಹೇಳುವ ಖಾಸಗಿ ಕೂಟಗಳ ಬಗ್ಗೆ ಪೋಷಕರು ಎಚ್ಚರವಹಿಸಬೇಕು. ಜಿಲ್ಲಾ ಮಟ್ಟದಲ್ಲಿ ಓಡದೆಯೇ ರಾಷ್ಟ್ರ ಮಟ್ಟಕ್ಕೆ ಆಹ್ವಾನ ಬಂದಿದ್ದರೆ, ಹಣ ಕಟ್ಟುವ ಮೊದಲು ಆ ಪತ್ರವನ್ನು ಜಿಲ್ಲಾ ಕ್ರೀಡಾ ಕಚೇರಿಯಲ್ಲಿ ತೋರಿಸಿ ವಿಚಾರಿಸುವುದು.

ಆರೋಗ್ಯ ಕುರಿತು

ಹೃದಯ ಸಂಬಂಧಿ ತೊಂದರೆ, ಅಧಿಕ ರಕ್ತದೊತ್ತಡ, ಮಧುಮೇಹ ಇರುವವರು ವೈದ್ಯರ ಸಲಹೆ ಪಡೆದ ನಂತರವೇ ಹೆಸರು ನೀಡತಕ್ಕದ್ದು. ಪೂರ್ಣ ಮ್ಯಾರಥಾನ್‌ಗೆ 18 ವರ್ಷ ತುಂಬಿರಬೇಕೆಂಬ ನಿಯಮ ಸಾಮಾನ್ಯವಾಗಿದ್ದು, ಮಕ್ಕಳ ವಯಸ್ಸನ್ನು ತಪ್ಪಾಗಿ ನಮೂದಿಸಿ ದೂರದ ಓಟಕ್ಕೆ ಸೇರಿಸಬಾರದು. ಜ್ವರ ಬಂದ ವಾರದಲ್ಲಿ, ಶುಲ್ಕ ಕಟ್ಟಿದ್ದೇವೆಂಬ ಒಂದೇ ಕಾರಣಕ್ಕೆ ಓಡುವುದು ಅಪಾಯಕರ. ಎದೆ ನೋವು, ತಲೆ ಸುತ್ತು ಕಾಣಿಸಿಕೊಂಡಲ್ಲಿ ತಕ್ಷಣ ಓಟ ನಿಲ್ಲಿಸಿ ಹತ್ತಿರದ ಸ್ವಯಂಸೇವಕರಿಗೆ ತಿಳಿಸುವುದು. ಯಾರೂ ಇಲ್ಲದಿದ್ದಲ್ಲಿ 108ಕ್ಕೆ ಕರೆ ಮಾಡುವುದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ದಿನಾಂಕ, ವಯೋಮಿತಿ ಹಾಗೂ ಅರ್ಹತೆಯ ವಿಷಯದಲ್ಲಿ ಆಯಾ ವರ್ಷದ ಸುತ್ತೋಲೆ ಮತ್ತು ಆಯೋಜಕರ ಪ್ರಕಟಣೆಯೇ ಅಂತಿಮ.