ಕಾವೇರಿ ದಡದ ದಂಡಿನ ಗೋರಿಗಳು

ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಹತ್ತಿರ, ಕಾವೇರಿಯ ದಡದಲ್ಲಿ ಗ್ಯಾರಿಸನ್ ಸ್ಮಶಾನ ಎಂಬ ಪುಟ್ಟ ಆವರಣವಿದೆ. ಒಳಗೆ ಇಟ್ಟಿಗೆ ಗಾರೆಯಿಂದ ಕಟ್ಟಿದ ಸುಮಾರು 300 ಗೋರಿಗಳಿವೆ. 1799ರ ಮೇ 4ರಂದು ಟಿಪ್ಪು ಸುಲ್ತಾನನ ಕೋಟೆಗೆ ಲಗ್ಗೆಯಿಟ್ಟು ಸತ್ತ ಯುರೋಪಿಯನ್ ಅಧಿಕಾರಿಗಳ ಸ್ಮಶಾನವೆಂದು ಇದು ಹೆಸರಾಗಿದೆ. ಈ ಹೆಸರು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸ್ಮಶಾನ ಬಳಕೆಗೆ ಬಂದದ್ದು 1800ರ ಸುಮಾರಿಗೆ. 1860ರ ದಶಕದವರೆಗೂ ಇಲ್ಲಿ ಹೆಣಗಳನ್ನು ಹೂಳಲಾಯಿತು. ಯುದ್ಧ ಮುಗಿದ ಮೇಲೆ ಕೋಟೆಯಲ್ಲಿ ಬೀಡುಬಿಟ್ಟ ದಂಡು, ಅದರ ಜೊತೆಗಿದ್ದ ಹೆಂಗಸರು ಮತ್ತು ಮಕ್ಕಳ ಕಥೆಯೂ ಈ ಕಲ್ಲುಗಳಲ್ಲಿದೆ.

ಇಲ್ಲಿ ಮಲಗಿದವರಲ್ಲಿ ಹಲವರು ಇಂಗ್ಲಿಷರೇ ಅಲ್ಲ. ಅವರು ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ರೆಜಿಮೆಂಟಿಗೆ ಸೇರಿದವರು. ನ್ಯೂಶಾಟೆಲ್‌ನ ಶಾರ್ಲ್ ಡೇನಿಯಲ್ ಡಿ ಮ್ಯೂರನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿದ ಪಡೆ ಇದು. ಮೊದಲು ಆಫ್ರಿಕಾದ ತುದಿಯ ಕೇಪ್‌ನಲ್ಲಿ ಕಾವಲಿಗಿದ್ದು, ಆಮೇಲೆ ಸಿಂಹಳಕ್ಕೆ ಬಂತು. 1795ರಲ್ಲಿ ಫ್ರೆಂಚರು ಹಾಲೆಂಡನ್ನು ಹಿಡಿದುಕೊಂಡಾಗ, ಸಿಂಹಳದ ಡಚ್ ಕೋಟೆಗಳ ಮೇಲೆ ಕಣ್ಣಿಟ್ಟಿದ್ದ ಇಂಗ್ಲಿಷರು ಯುದ್ಧಕ್ಕಿಂತ ಅಗ್ಗದ ದಾರಿಯೊಂದನ್ನು ಹುಡುಕಿದರು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಹ್ಯೂ ಕ್ಲೆಗಾರ್ನ್ ನ್ಯೂಶಾಟೆಲ್‌ಗೆ ಹೋಗಿ, ರೆಜಿಮೆಂಟಿನ ಒಡೆಯನನ್ನು ಕಂಡು, ಇಡೀ ಪಡೆಯನ್ನೇ ಬ್ರಿಟಿಷ್ ಸಂಬಳಕ್ಕೆ ತರುವ ಕರಾರು ಮಾಡಿಕೊಂಡ. ಹಾಗೆ ಕೊಲಂಬೋದಲ್ಲಿ ಡಚ್ಚರ ಕೋಟೆ ಕಾಯುತ್ತಿದ್ದವರು ಪಕ್ಷ ಬದಲಿಸಿದರು. 1796ರ ಫೆಬ್ರುವರಿಯಲ್ಲಿ ಕೊಲಂಬೋ ಇಂಗ್ಲಿಷರ ವಶವಾಯಿತು. ಸಿಪಾಯಿಗಳನ್ನು ಯಾರೂ ಕೇಳಿರಲಿಲ್ಲ. ಟಿಪ್ಪುವಿನ ಮೇಲೆ ಅವರಿಗೆ ಯಾವ ಹಗೆಯೂ ಇರಲಿಲ್ಲ. ಕರಾರು ಅವರನ್ನು ಕಾವೇರಿಯವರೆಗೆ ಕರೆತಂದಿತು.

1799ರ ಫೆಬ್ರುವರಿಯಲ್ಲಿ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವಿನ ಮೇಲೆ ಯುದ್ಧಕ್ಕೆಂದು ವೆಲ್ಲೂರಿನಿಂದ ಹೊರಟಿತು. ಹೈದರಾಬಾದಿನ ನಿಜಾಮನ ಸೈನ್ಯ ದಾರಿಯಲ್ಲಿ ಬಂದು ಕೂಡಿಕೊಂಡಿತು. ನಿಜಾಮ ಹಿಂದಿನ ವರ್ಷವಷ್ಟೇ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ನಿಜಾಮನ ಪಡೆಯ ಮೇಲ್ವಿಚಾರಣೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯದು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಏಪ್ರಿಲ್ ಮೊದಲ ವಾರ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಮೇ 4ರ ಮಧ್ಯಾಹ್ನ, ಬೇಸಿಗೆಯಿಂದ ಬತ್ತಿದ್ದ ನದಿಯನ್ನು ದಾಟಿ, ವಾಯವ್ಯದಲ್ಲಿ ಒಡೆದ ಗೋಡೆಯ ಮೂಲಕ ಸೈನಿಕರು ಒಳನುಗ್ಗಿದರು. ಮುಂದಾಳು ಡೇವಿಡ್ ಬೇರ್ಡ್ ಹಿಂದೆ ಇದೇ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಾಳಾಗಿದ್ದವನು. ಸಂಜೆಯೊಳಗೆ ಟಿಪ್ಪು ಸತ್ತಿದ್ದ, ಕೋಟೆ ಬಿದ್ದಿತ್ತು. ಮರುದಿನ ಸುಲ್ತಾನನನ್ನು ಗುಂಬಜ್‌ನಲ್ಲಿ ತಂದೆತಾಯಿಯರ ಪಕ್ಕ ಸೇನಾ ಮರ್ಯಾದೆಯೊಂದಿಗೆ ಹೂಳಲಾಯಿತು.

ಗೆದ್ದ ಸೈನ್ಯದಲ್ಲೂ ಸತ್ತವರೆಲ್ಲರಿಗೆ ಒಂದೇ ಮರ್ಯಾದೆ ಸಿಗಲಿಲ್ಲ. ಲಗ್ಗೆಯಲ್ಲಿ ಮದ್ರಾಸ್, ಬೊಂಬಾಯಿ, ಹೈದರಾಬಾದ್ ಕಡೆಯ ಸಿಪಾಯಿಗಳೂ ಇದ್ದರು. ಗ್ಯಾರಿಸನ್ ಸ್ಮಶಾನ ಅವರಿಗಾಗಿ ಮಾಡಿದ್ದಲ್ಲ. ಅದು ಯುರೋಪಿಯನ್ ಕ್ರೈಸ್ತರದು. ಕೋಟೆ ಉಳಿಸಲು ಸತ್ತ ಸಾವಿರಾರು ಮೈಸೂರಿನವರಿಗೆ ಹೆಸರು ಕೊರೆದ ಇಂಥ ಆವರಣವಿಲ್ಲ. ದನಗಳನ್ನು ಕಾಯುತ್ತ ಸತ್ತವನಿಗೂ ಊರಿನವರು ವೀರಗಲ್ಲು ನಿಲ್ಲಿಸುತ್ತಿದ್ದ ನಾಡಿನಲ್ಲಿ ಇದು ದೊಡ್ಡ ಕೊರತೆಯೇ. ಕೋಟೆ ಒಡೆದ ಜಾಗದ ಬಳಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ತಂಭವೂ ಮುತ್ತಿಗೆ ಹಾಕಿದವರ ನೆನಪಿನದೇ.

ಕಾಳಗ ಮುಗಿದರೂ ಸಾವು ನಿಲ್ಲಲಿಲ್ಲ. ಶ್ರೀರಂಗಪಟ್ಟಣ ಒಂದು ದ್ವೀಪ; ಸುತ್ತ ನದಿ, ಕಾಲುವೆ, ಗದ್ದೆ. ಮಳೆಗಾಲ ಕಳೆದೊಡನೆ ಚಳಿಜ್ವರ. ಊರೂ ಬರಿದಾಗುತ್ತಿತ್ತು: 1800ರಲ್ಲಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಜನಸಂಖ್ಯೆಯನ್ನು ಸುಮಾರು 32,000 ಎಂದು ಲೆಕ್ಕ ಹಾಕಿದ; ಟಿಪ್ಪುವಿನ ಕಾಲದಲ್ಲಿ ಅದು ಇದರ ಹಲವು ಪಟ್ಟು ಇತ್ತೆಂದು ಅವನ ಅಂದಾಜು. ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಅಂದಿನ ವೈದ್ಯರು ನಂಬಿದ್ದರು. ಸೊಳ್ಳೆಯ ಪಾತ್ರ ವೈದ್ಯ ರೊನಾಲ್ಡ್ ರಾಸ್‌ಗೆ ಗೊತ್ತಾದದ್ದು 1897ರಲ್ಲಿ, ನಿಜಾಮನ ರಾಜ್ಯದ ಸಿಕಂದರಾಬಾದಿನಲ್ಲಿ. ಅಷ್ಟರೊಳಗೆ ಎರಡು ಮೂರು ತಲೆಮಾರು ಮಣ್ಣು ಸೇರಿತ್ತು. ಗುಂಡಿನೇಟಿಗೆ ಬಿದ್ದವನ ಗೋರಿಯನ್ನಷ್ಟೇ ನೋಡಿ ಹೋಗುವವರಿಗೆ ಈ ಸ್ಮಶಾನದ ಹೆಚ್ಚಿನ ಭಾಗ ತಪ್ಪಿಹೋಗುತ್ತದೆ.

ಡಿ ಮ್ಯೂರನ್ ರೆಜಿಮೆಂಟ್ 1806ರಲ್ಲಿ ಭಾರತ ಬಿಟ್ಟಿತು. ಮೆಡಿಟರೇನಿಯನ್ ಕಡೆ ಕೆಲವು ವರ್ಷ ಕಳೆದು, 1813ರಲ್ಲಿ ಅಮೆರಿಕನ್ನರ ವಿರುದ್ಧದ ಯುದ್ಧಕ್ಕೆ ಕೆನಡಾ ಸೇರಿತು. 1816ರಲ್ಲಿ ಪಡೆಯನ್ನು ವಿಸರ್ಜಿಸಿದಾಗ ಕೆಲವು ಸೈನಿಕರು ಇಂದಿನ ವಿನಿಪೆಗ್ ಇರುವ ರೆಡ್ ರಿವರ್ ಸೀಮೆಯಲ್ಲಿ ವಸಾಹತು ಕಟ್ಟುತ್ತಿದ್ದ ಲಾರ್ಡ್ ಸೆಲ್ಕರ್ಕ್‌ನ ಜೊತೆ ಅಲ್ಲಿಗೆ ಹೋದರು. ಕಾವೇರಿಯ ದಡದಲ್ಲಿ ಉಳಿದವರ ಸಂಗಾತಿಗಳ ಪಯಣ ಅಷ್ಟು ದೂರದ ಹಿಮದ ಬಯಲಿನವರೆಗೂ ಸಾಗಿತು.

ಜ್ವರಕ್ಕೆ ಬೇಸತ್ತ ಬ್ರಿಟಿಷರು 1809ರ ಹೊತ್ತಿಗೆ ಬೆಂಗಳೂರಿನಲ್ಲಿ ಹೊಸ ದಂಡಿನ ಪ್ರದೇಶ ಕಟ್ಟತೊಡಗಿದರು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿಗೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣ. ಪಡೆಗಳು ಒಂದೊಂದಾಗಿ ಅತ್ತ ಸರಿದಂತೆ ಇಲ್ಲಿಯ ಬೀಡು ಬಡವಾಯಿತು. 1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈಸೇರಿದಾಗ ಬ್ರಿಟಿಷರು ಬೆಂಗಳೂರಿನ ದಂಡಿನ ಪ್ರದೇಶವನ್ನು ತಮಗಿಟ್ಟುಕೊಂಡು, ಶ್ರೀರಂಗಪಟ್ಟಣದ ದ್ವೀಪವನ್ನು ಬಿಟ್ಟುಕೊಟ್ಟರು.

ಬಳಕೆ ನಿಂತ ಮೇಲೆ ಸ್ಮಶಾನ ಪಾಳುಬಿತ್ತು. ಗಿಡಗಂಟಿ ಬೆಳೆಯಿತು, ಗಾರೆ ಉದುರಿತು. 2007–08ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ವಂಶಸ್ಥರು ಮುಂದೆ ಬಂದು ಜೀರ್ಣೋದ್ಧಾರ ಮಾಡಿಸಿದ ಮೇಲೆ ಆವರಣ ಮತ್ತೆ ನೋಡುವಂತಾಗಿದೆ.