ಓಟದ ಪುಸ್ತಕಗಳಲ್ಲಿ ಕೂಲಿಯವನ ಕಾಲು

ನಾನು ಪಾಠ ಮಾಡುವ ಕಾಲೇಜಿನಲ್ಲಿ ಹೋದ ವರ್ಷ ಐದು ಸಾವಿರ ಮೀಟರ್ ಓಟ ಗೆದ್ದವನು ಹಾಸ್ಟೆಲಿನ ಹುಡುಗ, ನಮ್ಮ ಕೇರಿಯಂಥದೇ ಒಂದು ಕೇರಿಯಿಂದ ಬಂದವನು. ಸ್ಟಾಫ್ ರೂಮಿನಲ್ಲಿ ಒಬ್ಬರು ಟೀ ಕುಡೀತಾ, ಮೆಚ್ಚುಗೆಯಿಂದಲೇ ಅಂದರು: ‘ಬಿಡಿ ಸಾರ್, ಅವರಿಗೆ ಅದು ರಕ್ತದಲ್ಲೇ ಬಂದಿರುತ್ತೆ. ತಲೆತಲಾಂತರದಿಂದ ಗೆಯ್ದ ಮೈ.’ ಎರಡನೆಯವನಾಗಿ ಬಂದದ್ದು ಒಬ್ಬ ಜಮೀನ್ದಾರರ ಮಗ. ಅವನ ಬಗ್ಗೆ ಅದೇ ಬಾಯಿ ಹೇಳಿದ್ದು: ‘ಪಾಪ, ಮೂರು ತಿಂಗಳಿಂದ ಎಷ್ಟು ಪ್ರಾಕ್ಟೀಸ್ ಮಾಡಿದ್ದ.’ ಗೆದ್ದವನದು ರಕ್ತ, ಸೋತವನದು ಸಾಧನೆ. ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕುತ್ತಾ ನಾನು ಓಟದ ಮೇಲಿನ, ಓಟದ ತರಬೇತಿಯ ಮೇಲಿನ ಹಳೆಯ ಪುಸ್ತಕಗಳಿಗೆ ಕೈ ಹಾಕಿದೆ. ಮೊದಲು ನಮ್ಮ ಮನೆಯ ಓಟದ ಮಾತು ಹೇಳಿಬಿಡುತ್ತೇನೆ.

ನಮ್ಮ ತಾತ ಊರಿನ ತೋಟಿ. ದೊಡ್ಡವರ ಮನೆಯಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸೋದು ಅವನ ಪಾಲಿನ ಚಾಕರಿ. ನಡುರಾತ್ರಿಯಲ್ಲಿ ಕೇರಿಯ ಅಂಚಿಗೆ ನಿಂತು ಕೂಗಿ ಎಬ್ಬಿಸೋರು. ನಾಲ್ಕು ಹರದಾರಿ ಹೋಗಿ, ಅಂಗಳದ ಆಚೆಗೇ ನಿಂತು ಸಾವು ಹೇಳಿ, ಹೊತ್ತು ಹುಟ್ಟೋದರೊಳಗೆ ಮುಂದಿನ ಊರು ಸೇರಬೇಕು. ಹೆಣ ಎತ್ತೋ ಹೊತ್ತಿಗೆ ನೆಂಟರು ಬರಲಿಲ್ಲ ಅಂದರೆ ಬೈಗುಳ ಅವನಿಗೆ. ‘ನಿಮ್ತಾತ ನಡಕೊಂಡು ಹೋಗಿದ್ದು ನಾನಂತೂ ಕಾಣೆ ಕಣಪ್ಪ’ ಅಂತಾಳೆ ಅಜ್ಜಿ. ಈ ಓಟಕ್ಕೆ ದೂರ ಇತ್ತು, ಗಡುವು ಇತ್ತು, ತಡವಾದರೆ ಶಿಕ್ಷೆ ಇತ್ತು. ಓಟ ಅನ್ನೋ ಹೆಸರೊಂದು ಇರಲಿಲ್ಲ. 1928ರಲ್ಲಿ ಅಂಬೇಡ್ಕರ್ ಮಹಾರ್ ವತನದ ತಿದ್ದುಪಡಿ ಮಸೂದೆಯನ್ನು ಮುಂಬಯಿ ಶಾಸನಸಭೆಗೆ ತಂದಾಗ ಎತ್ತಿದ ಮಾತೂ ಇದೇ: ಈ ಚಾಕರಿಗೆ ಹಗಲು ರಾತ್ರಿ ಇಲ್ಲ, ವತನದಾರ ಮನೆಯಲ್ಲಿಲ್ಲದಿದ್ದರೆ ಅವನ ಅಪ್ಪನನ್ನೋ ಮತ್ತೊಬ್ಬರನ್ನೋ ಹಿಡಿದು ದುಡಿಸುತ್ತಾರೆ. ನಮ್ಮ ರಾಜ್ಯದಲ್ಲಿ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ ಆದದ್ದು 1961ರಲ್ಲಿ.

ಈಗ ಇಂಗ್ಲೆಂಡಿಗೆ ಹೋಗೋಣ. ಓಟದ ಪುಸ್ತಕಗಳ ಬೇರು ಹೆಚ್ಚಾಗಿ ಅಲ್ಲೇ ಇದೆ. ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಅಲ್ಲಿನ ಶ್ರೀಮಂತರು ಗಾಡಿಯ ಮುಂದೆ ಓಡೋದಕ್ಕೆ, ಸಂದೇಶ ಒಯ್ಯೋದಕ್ಕೆ ಅಂತಲೇ ಆಳುಗಳನ್ನು ಇಟ್ಟುಕೊಂಡಿದ್ದರು. ನನ್ನ ಆಳು ವೇಗವೋ ನಿನ್ನ ಆಳೋ ಅಂತ ಬಾಜಿ ಕಟ್ಟಿ ಓಡಿಸುತ್ತಿದ್ದರು, ಕುದುರೆ ಓಡಿಸಿದ ಹಾಗೆ. ದೊಡ್ಡ ಪುಸ್ತಕ ಬಂದದ್ದು ಮಾತ್ರ ಧಣಿಯ ಮೇಲೆ. ಕ್ಯಾಪ್ಟನ್ ಬಾರ್ಕ್ಲೇ ಎಂಬ ಸ್ಕಾಟ್ಲೆಂಡಿನ ಜಮೀನ್ದಾರ 1809ರಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಸಾವಿರ ಗಂಟೆ, ಗಂಟೆಗೊಂದು ಮೈಲಿಯಂತೆ ಸಾವಿರ ಮೈಲಿ ನಡೆದ. ಅವನನ್ನು ಕೊಂಡಾಡುತ್ತಾ ವಾಲ್ಟರ್ ಥಾಮ್ 1813ರಲ್ಲಿ ‘ಪೆಡಸ್ಟ್ರಿಯಾನಿಸಂ’ ಅನ್ನೋ ಪುಸ್ತಕ ಬರೆದ. ತರಬೇತಿ ಹೇಗೆ ಅಂತ ಅದರಲ್ಲಿ ವಿವರವಾಗಿದೆ: ಮೊದಲು ಭೇದಿಗೆ ಕೊಟ್ಟು ಹೊಟ್ಟೆ ತೊಳೆಯಬೇಕು. ಫ್ಲಾನೆಲ್ ಬಟ್ಟೆ ತೊಟ್ಟು ನಾಲ್ಕು ಮೈಲಿ ಓಡಿ ಬೆವರಿಳಿಸಬೇಕು. ಅರೆಬೆಂದ ದನದ ಮಾಂಸ, ಹಳಸಲು ಬ್ರೆಡ್ಡು, ಹಳೆಯ ಬಿಯರು; ತರಕಾರಿ ಮಾತ್ರ ಬೇಡ. ಇದನ್ನು ಓದುವಾಗ ನನಗೆ ನಗು ಬಂತು. ಬೆವರಿಳಿಸೋಕೆ ಬಟ್ಟೆ ಹೊದೆಯಬೇಕಾದವನು ಯಾರು? ತಾತನಿಗೆ ಆ ಕಷ್ಟ ಇರಲಿಲ್ಲ.

ನಗು ನಿಲ್ಲಿಸೋದು ಮುಂದಿನ ಅಧ್ಯಾಯ. 1866ರಲ್ಲಿ ಲಂಡನ್ನಿನಲ್ಲಿ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಹುಟ್ಟಿತು. ಅಮೆಚೂರ್ ಅಂದರೆ ಯಾರು? ಹಣಕ್ಕೆ ಓಡದವನು, ಓಟ ಕಲಿಸಿ ಹೊಟ್ಟೆ ಹೊರೆಯದವನು. ಅಷ್ಟು ಸಾಲದು ಅಂತ ಆ ದಶಕದಲ್ಲೇ ಇನ್ನೊಂದು ಮಾತು ಸೇರಿತು: ಮೆಕ್ಯಾನಿಕ್ಕು, ಕುಶಲಕರ್ಮಿ, ಕೂಲಿಕಾರ ಆಗಿರಬಾರದು. ಕೊಟ್ಟ ಕಾರಣ ನೋಡಿ: ಮೈಮುರಿದು ದುಡಿಯೋನ ಸ್ನಾಯು ಗಟ್ಟಿ ಇರುತ್ತೆ, ಅವನ ಜೊತೆ ಮೃದುಮೈಯ ಸಭ್ಯರು ಸ್ಪರ್ಧಿಸೋದು ನ್ಯಾಯವಲ್ಲ! ನಮ್ಮಲ್ಲಿ ಕಸುಬು ಮೈಲಿಗೆ ಅಂತ ಹೇಳಿ ಹೊರಗಿಟ್ಟರು. ಅಲ್ಲಿ ಕಸುಬು ಬಲ ಕೊಡುತ್ತೆ ಅಂತ ಹೇಳಿ ಹೊರಗಿಟ್ಟರು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಕೂಲಿಯವನು ಅಸ್ಪೃಶ್ಯನಲ್ಲ, ಅವನ ಮಗ ಬೇರೆ ಕಸುಬು ಹಿಡಿದರೆ ಕಳಂಕ ಹಿಂದೆ ಬರೋದಿಲ್ಲ. ನಮ್ಮ ಕೆಲವು ಗೆಳೆಯರು ವರ್ಗವನ್ನೂ ಜಾತಿಯನ್ನೂ ಒಂದೇ ಗೋಣಿಗೆ ತುಂಬೋದು ಅವಸರದ ಕೆಲಸ. ಆದರೆ ದುಡಿದ ಮೈಯನ್ನು ಕಂಡು ಹೆದರುವ ಕಣ್ಣು ಎರಡೂ ಕಡೆ ಇತ್ತು. 1880ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಆ ಮಾತನ್ನು ಕೈಬಿಟ್ಟಿತು. ಹೆನ್ಲಿಯ ದೋಣಿ ಸ್ಪರ್ಧೆಯವರು ಮಾತ್ರ 1930ರ ದಶಕದವರೆಗೂ ಅಪ್ಪಿಕೊಂಡಿದ್ದರು. 1936ರಲ್ಲಿ ಆಸ್ಟ್ರೇಲಿಯಾದ ಪೊಲೀಸರ ತಂಡವನ್ನೇ ಹೊರಗಿಟ್ಟರು.

ಕೂಲಿಯವನ ಮೇಲಿನ ಬೇಲಿ ಹೋಯಿತು, ಹಣದ ಬೇಲಿ ಉಳಿಯಿತು. ಕೂಲಿ ಬಿಟ್ಟು ಅಭ್ಯಾಸ ಮಾಡಬೇಕಾದವನಿಗೆ ಎರಡೂ ಒಂದೇ ಅಲ್ಲವೆ? ಆಲ್ಫ್ರೆಡ್ ಶ್ರಬ್ ಸಸೆಕ್ಸಿನ ಹಳ್ಳಿಯವನು, ಕಟ್ಟಡ ಕೆಲಸದವನು. ಬೆಂಕಿ ಆರಿಸೋ ಗಾಡಿಯ ಜೊತೆಗೆ ಓಡಿದ್ದನ್ನು ಕಂಡು ಅವನನ್ನು ಗುರುತಿಸಿದರು ಅಂತ ಕತೆ. 1904ರ ನವೆಂಬರಿನಲ್ಲಿ ಗ್ಲಾಸ್ಗೋದ ಒಂದೇ ಓಟದಲ್ಲಿ ಹಲವು ದಾಖಲೆ ಮುರಿದ. ಒಂದು ಗಂಟೆಯಲ್ಲಿ 11 ಮೈಲಿ 1137 ಗಜ. ಸ್ವಲ್ಪ ದಿನದಲ್ಲೇ ಹಣ ಪಡೆದ ಅಂತ ಬಹಿಷ್ಕಾರ. ಆಮೇಲೆ ಶ್ರಬ್ ಮಾಡಿದ ಕೆಲಸ ನನಗೆ ಅವನ ದಾಖಲೆಗಿಂತ ದೊಡ್ಡದು ಅನ್ನಿಸುತ್ತೆ. 1908ರಲ್ಲಿ ಅವನು ಓಟದ ಮೇಲೆ ಪುಸ್ತಕ ಬರೆದ. ಯಾವ ದಿನ ಎಷ್ಟು ದೂರ, ಎಷ್ಟು ವೇಗ ಅಂತ ಕೂಲಿಯವನ ಕಾಲು ತಾನೇ ತನ್ನ ಲೆಕ್ಕ ಬರೆದಿಟ್ಟ ಪುಸ್ತಕ ಅದು. ರಕ್ತದಲ್ಲಿ ಬಂದಿದ್ದರೆ ಲೆಕ್ಕ ಯಾಕೆ ಬೇಕಿತ್ತು? ಇದೇ ಸಾಲಿಗೆ ಸ್ಯಾಮ್ ಮುಸ್ಸಾಬಿನಿ ಸೇರುತ್ತಾನೆ. ತರಬೇತಿಯ ಮೇಲೆ 1913ರಲ್ಲಿ ಪುಸ್ತಕ ಬರೆದವನು, 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೆರಾಲ್ಡ್ ಅಬ್ರಹಾಮ್ಸ್‌ನನ್ನು ತಯಾರು ಮಾಡಿದವನು. ಕಲಿಸಿ ಕೂಲಿ ಪಡೆಯೋನು ಅನ್ನೋ ಕಾರಣಕ್ಕೆ ಸ್ಟೇಡಿಯಮ್ಮಿನ ಒಳಗಿಲ್ಲದೆ, ಹತ್ತಿರದ ಕೋಣೆಯಲ್ಲಿ ಕೂತು ಶಿಷ್ಯನ ಚಿನ್ನದ ಸುದ್ದಿಗೆ ಕಾದ. ಮೂಲನಿವಾಸಿ ಜಿಮ್ ಥಾರ್ಪ್ 1912ರಲ್ಲಿ ಗೆದ್ದ ಎರಡು ಚಿನ್ನಗಳನ್ನು ಮರುವರ್ಷ ಕಿತ್ತುಕೊಂಡದ್ದೂ ಬೇಸ್‌ಬಾಲ್ ಆಡಿ ಒಂದಿಷ್ಟು ಕೂಲಿ ಪಡೆದ ಅಂತ. ಅವನೊಬ್ಬನೇ ವಿಜೇತ ಅಂತ ಪೂರ್ತಿ ಒಪ್ಪಿಕೊಂಡದ್ದು 2022ರಲ್ಲಿ.

ದೂರದ ಓಟದ ಗುರು ಅಂತ ಹೆಸರಾದ ಆರ್ಥರ್ ನ್ಯೂಟನ್ನನ ಕತೆ ಬೇರೆ ರೀತಿಯದು. ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಹೊಲ ಮಾಡಿಕೊಂಡಿದ್ದ ಇಂಗ್ಲಿಷಿನವನು. ಸುತ್ತಲ ಭೂಮಿಯನ್ನು ಸರ್ಕಾರ ಕರಿಯರ ವಸತಿಗೆ ಬಿಟ್ಟಿತು, ತನಗೆ ಪರಿಹಾರ ಕೊಡಲಿಲ್ಲ ಅನ್ನೋದು ಅವನ ಸಿಟ್ಟು. ಹೆಸರು ಮಾಡಿದರೆ ತನ್ನ ದೂರು ಜನ ಕೇಳುತ್ತಾರೆ ಅಂತ ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟಕ್ಕೆ ಇಳಿದ. 1922ರಿಂದ 1927ರೊಳಗೆ ಐದು ಸಲ ಗೆದ್ದ. ಅವನ ‘ರನ್ನಿಂಗ್’ ಪುಸ್ತಕ ಬಂದದ್ದು 1935ರಲ್ಲಿ. ಅದೇ 1935ರಲ್ಲಿ ರಾಬರ್ಟ್ ಮ್ಟ್ಶಾಲಿ ಎಂಬ ಕರಿಯ ಅದೇ ಕಾಮ್ರೇಡ್ಸನ್ನು ಒಂಬತ್ತೂವರೆ ಗಂಟೆಯಲ್ಲಿ ಓಡಿ ಮುಗಿಸಿದ. ಅಧಿಕೃತ ಪಟ್ಟಿಯಲ್ಲಿ ಅವನಿಗೆ ಜಾಗ ಇರಲಿಲ್ಲ. ಕರಿಯರಿಗೂ ಹೆಂಗಸರಿಗೂ ಆ ಓಟದ ಬಾಗಿಲು ತೆರೆದದ್ದು 1975ರಲ್ಲಿ. ನ್ಯೂಟನ್ನನ ತರಬೇತಿಯ ಪಾಠ ಒಳ್ಳೆಯದೇ. ನಿಧಾನವಾಗಿ, ದಿನಾ, ಬಹಳ ದೂರ ಓಡು ಅಂತಾನೆ. ಆ ದೂರ ಯಾರ ನೆಲದ ಮೇಲಿನ ದೂರ ಅಂತ ಕೇಳಿಕೊಂಡೇ ನಾವು ಅದನ್ನು ಓದಬೇಕು.

ಸ್ಟಾಫ್ ರೂಮಿನ ಮಾತು ನನಗೆ ಹೆಚ್ಚುಕಮ್ಮಿ ಹಾಗೇ ಸಿಕ್ಕಿದ್ದು ಅಮೆರಿಕದಲ್ಲಿ. ಡೀನ್ ಕ್ರಾಮ್‌ವೆಲ್ ಅಲ್ಲಿನ ಹೆಸರಾಂತ ಕೋಚ್. 1941ರ ತನ್ನ ತರಬೇತಿ ಪುಸ್ತಕದಲ್ಲಿ ಕರಿಯರ ವೇಗಕ್ಕೆ ಅವನು ಕೊಟ್ಟ ಕಾರಣ, ಅವರು ಬಿಳಿಯರಿಗಿಂತ ಆದಿಮ ಸ್ಥಿತಿಗೆ ಹತ್ತಿರ ಇದ್ದಾರೆ, ಕಾಡಿನಲ್ಲಿ ಓಡಿ ಜಿಗಿದು ಬದುಕಿದ್ದು ಇನ್ನೂ ನಿನ್ನೆ ಮೊನ್ನೆ ಅಂತ. ಜೆಸ್ಸಿ ಓವೆನ್ಸ್ 1936ರ ಬರ್ಲಿನ್ನಿನಲ್ಲಿ ನಾಲ್ಕು ಚಿನ್ನ ಗೆದ್ದು ಐದು ವರ್ಷ ಆಗಿತ್ತು. ಓವೆನ್ಸ್ ಅಲಬಾಮಾದ ಗೇಣಿದಾರನ ಮಗ. ಶಾಲೆ ಬಿಟ್ಟ ಮೇಲೆ ಕೂಲಿಗೆ ಹೋಗಬೇಕಿದ್ದರಿಂದ ಚಾರ್ಲ್ಸ್ ರೈಲಿ ಅನ್ನೋ ಮೇಷ್ಟ್ರು ಅವನಿಗೆ ಬೆಳಿಗ್ಗೆ ಶಾಲೆಗೆ ಮುಂಚೆ ಅಭ್ಯಾಸ ಮಾಡಿಸುತ್ತಿದ್ದರು. ಆ ಬೆಳಗುಗಳೆಲ್ಲ ಕ್ರಾಮ್‌ವೆಲ್ಲನ ಕಾಡಿನಲ್ಲಿ ಕಳೆದುಹೋದವು.

ಇದಕ್ಕೆ ಉತ್ತರ ಮೊದಲೇ ಬಂದಾಗಿತ್ತು. ಹೊವಾರ್ಡ್ ವಿಶ್ವವಿದ್ಯಾಲಯದ ಕರಿಯ ವೈದ್ಯ, ಅಂಗರಚನಾ ವಿಜ್ಞಾನಿ ಮಾಂಟೆಗ್ಯೂ ಕಾಬ್ 1936ರಲ್ಲಿ ‘ರೇಸ್ ಅಂಡ್ ರನ್ನರ್ಸ್’ ಅನ್ನೋ ಲೇಖನ ಬರೆದರು. ಕರಿಯರ ಹಿಮ್ಮಡಿ ಮೂಳೆ ಉದ್ದ, ಮೀನಖಂಡ ಬೇರೆ ಥರ, ಅದಕ್ಕೇ ಗೆಲ್ಲುತ್ತಾರೆ ಅನ್ನೋ ಮಾತು ಆಗ ಓಡಾಡುತ್ತಿತ್ತು. ಕಾಬ್ ಓವೆನ್ಸ್‌ನ ಕಾಲನ್ನೇ ಅಳೆದರು. ಅವನ ಮೀನಖಂಡ, ‘ಬಿಳಿಯರದು’ ಅಂತ ಆ ಪಂಡಿತರು ಹೇಳುತ್ತಿದ್ದ ಮಾದರಿಯದು! ಕರಿಯ ಓಟಗಾರರಿಗೆಲ್ಲ ಸಮಾನವಾದ, ಅವರನ್ನು ಕರಿಯರು ಅಂತ ಗುರುತಿಸಬಹುದಾದ ಒಂದೇ ಒಂದು ದೇಹಲಕ್ಷಣ ಇಲ್ಲ ಅಂತ ತೋರಿಸಿ, ತರಬೇತಿ ಮತ್ತು ಛಲದ ಕಡೆ ಬೆರಳು ಮಾಡಿದರು. ಇಷ್ಟು ಸ್ಪಷ್ಟ ಲೇಖನ ಬಂದು ಐದು ವರ್ಷಕ್ಕೆ ಕ್ರಾಮ್‌ವೆಲ್ ಹಾಗೆ ಬರೆಯಬಲ್ಲ ಅಂದರೆ, ಅಳತೆಯಿಂದ ಅಳಿಯುವ ನಂಬಿಕೆ ಅದಲ್ಲ.

ನಮ್ಮ ದೇಶದ ಒಲಿಂಪಿಕ್ ಕತೆ ಶುರುವಾಗೋದೂ ಬರಿಗಾಲಿನಿಂದಲೇ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತರನ್ನು ಕಂಡು ದೊರಾಬ್ಜಿ ಟಾಟಾ 1920ರ ಆಂಟ್ವರ್ಪಿಗೆ ತಂಡ ಕಳಿಸೋದಕ್ಕೆ ಮುಂದಾದರು. ಹತ್ತು ವರ್ಷದ ಮೇಲೆ ಅವರು ಬರೆದ ಪತ್ರದಲ್ಲಿ ಆ ಓಟಗಾರರು ಸರಿಯಾದ ತರಬೇತಿಯೇ ಇಲ್ಲದ ಹಳ್ಳಿಗರು. ಇರಬಹುದು. ಆದರೆ ‘ಸರಿಯಾದ ತರಬೇತಿ’ ಯಾವುದು ಅನ್ನೋದನ್ನು ಥಾಮನ ಫ್ಲಾನೆಲ್ ಬಟ್ಟೆಯಿಂದ ಅಳೆಯೋದೋ, ದಿನಾ ಹತ್ತು ಮೈಲಿ ನಡೆಯೋ ಬದುಕಿನಿಂದಲೋ? ಆ ತಂಡದ ಬೆಳಗಾವಿಯ ಫಡೆಪ್ಪ ಚೌಗುಲೆ ಆಂಟ್ವರ್ಪಿನ ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷದ ಸುಮಾರಿನಲ್ಲಿ ಓಡಿ 19ನೆಯವನಾದ.

ಈ ವಿಶೇಷಾಂಕದ ಓದುಗರಿಗೆ ಒಂದು ಮಾತು ಕೇಳಬೇಕು. ಓಟ ಬಿಡಿ, ನಮ್ಮ ವಿಮರ್ಶೆ ದಲಿತ ಲೇಖಕನನ್ನು ಹೊಗಳೋ ಭಾಷೆ ಯಾವುದು? ಹಸಿ ಅನುಭವ, ನೆಲದ ಕಸುವು, ಸಹಜ ಆಕ್ರೋಶ. ಮೇಲ್ಜಾತಿಯ ಲೇಖಕನಿಗೆ ಶಿಲ್ಪ, ಸಂಯಮ, ವ್ಯುತ್ಪತ್ತಿ. ಇವನು ಬರೆದದ್ದು ರಕ್ತದಿಂದ, ಅವನು ಬರೆದದ್ದು ಪ್ರಾಕ್ಟೀಸಿನಿಂದ! ನಾವೂ ಈ ಹೊಗಳಿಕೆಗೆ ಉಬ್ಬಿದ್ದೇವೆ. ಶ್ರಮಸಂಸ್ಕೃತಿ ಅಂತ ವೇದಿಕೆಯ ಮೇಲೆ ನಾವೇ ನಮ್ಮ ಮೈಯನ್ನು ಆರಾಧಿಸುತ್ತೇವೆ. ಹತ್ತು ಸಲ ಹರಿದು ಬರೆದ ರಾತ್ರಿಗಳನ್ನು ಮುಚ್ಚಿಡುತ್ತೇವೆ. ನಾನೂ ಎಂ.ಎ. ಓದುವಾಗ ಹಾಗೇ ಬರೆದು ಒಳ್ಳೆ ಅಂಕ ತಗೊಂಡಿದ್ದೇನೆ.

ಹಾಸ್ಟೆಲಿನ ಹುಡುಗನನ್ನು ಆಮೇಲೆ ಮಾತಾಡಿಸಿದೆ. ಲೈಬ್ರರಿಯ ತರಬೇತಿ ಪುಸ್ತಕ ಇಂಗ್ಲಿಷಿನಲ್ಲಿದೆ ಸಾರ್, ಚಿತ್ರ ಮಾತ್ರ ನೋಡ್ತೀನಿ ಅಂದ. ‘ಮತ್ತೆ ಹೇಗೆ ಕಲಿತೆ?’ ಅಂದರೆ ಟ್ರಂಕಿನಿಂದ ಒಂದು ನಲವತ್ತು ಪುಟದ ನೋಟ್‌ಬುಕ್ ತೆಗೆದ. ಹಳೇ ಮೊಬೈಲಿನ ಗಡಿಯಾರ ನೋಡಿ ಎರಡು ವರ್ಷದಿಂದ ಬರೆದಿದ್ದಾನೆ, ಪೆನ್ಸಿಲಿನಲ್ಲಿ: ಸೋಮವಾರ, ಕೆರೆ ಏರಿ, ನಾಲ್ಕು ಸುತ್ತು, 31 ನಿಮಿಷ. ಮಂಗಳವಾರ, ಅಪ್ಪನ ಜೊತೆ ಗಾರೆ ಕೆಲಸ, ಓಡಲಿಲ್ಲ. ಬುಧವಾರ, ನಾಲ್ಕು ಸುತ್ತು, ಮೀನಖಂಡ ನೋವು, 33.